ಕಂದನನ್ನು ಹುಡುಕಿ ಬಂದವರು

ಕನ್ನಡ ಛಂದಸ್ಸಿನ ಬಗ್ಗೆ ನಾವು ಮೂವರು ಸಂಶೋಧನಾ ವಿದ್ಯಾರ್ಥಿಗಳು ಸೇರಿ ಒಂದು ಪುಟ್ಟ ಜಾಲತಾಣ ಮಾಡಿದ್ದೆವು. ಮೊದಲ ಲೇಖನ ನನ್ನದು. 'ಕನ್ನಡ ಛಂದಸ್ಸಿನ ವಿಕಾಸ: ಒಂದು ಮರುಚಿಂತನೆ' ಎಂದು ಶೀರ್ಷಿಕೆ ಕೊಟ್ಟಿದ್ದೆ. ವಿಚಾರಸಂಕಿರಣದಲ್ಲಿ ಓದಿದ್ದರೆ ಯಾರೂ ತಲೆ ಎತ್ತಿ ನೋಡದಷ್ಟು ಸಭ್ಯವಾದ ಶೀರ್ಷಿಕೆ. ತಾಣದಲ್ಲಿ ಅದನ್ನು ಓದಿದವರು ನಾವು ಮೂವರು ಮತ್ತು ನನ್ನ ಅಕ್ಕ. ನಾಲ್ಕು ತಿಂಗಳಾದರೂ ಈ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ.

ಬೆಂಗಳೂರಿನಲ್ಲಿ ಜಾಹೀರಾತಿನ ಕೆಲಸ ಮಾಡುವ ಸಕಲೇಶಪುರದ ಗೆಳೆಯನೊಬ್ಬ ಒಂದು ಭಾನುವಾರ ಹಾಸ್ಟೆಲಿಗೆ ಬಂದಿದ್ದ. ತಾಣವನ್ನು ಮೊಬೈಲಿನಲ್ಲಿ ಮೇಲೆ ಕೆಳಗೆ ಸರಿಸಿ ನೋಡಿ, "ನೀವು ಬರ್ದಿರೋದೆಲ್ಲ ಸರಿನೇ ಇರ್ಬೋದು ಮಾರಾಯ, ಆದ್ರೆ ಜನ ಇದನ್ನ ಏನಂತ ಕರೀತಾರೆ ಅಂತ ನಿಮಗೆ ಗೊತ್ತಿಲ್ಲ" ಅಂದ. "ಎರಡು ಸಾವಿರ ಒಟ್ಟು ಮಾಡಿ. ಗೂಗಲ್‌ನಲ್ಲಿ ಜಾಹೀರಾತು ಹಾಕೋಣ."

"ಛಂದಸ್ಸಿಗೆ ಜಾಹೀರಾತಾ?"

"ಮಾರೋದಕ್ಕಲ್ಲ. ಕೇಳಿಸ್ಕೊಳ್ಳೋದಕ್ಕೆ."

ಅವನು ವಿವರಿಸಿದ್ದು ಹೀಗೆ. ನಾವು ಏನನ್ನಾದರೂ ಹುಡುಕಿದಾಗ ಎರಡು ಬಗೆಯ ಫಲಿತಾಂಶ ಬರುತ್ತದೆ. ಒಂದು, ಕಾಸು ಕೊಟ್ಟವರದು. ಅದು ಜಾಹೀರಾತೆಂದು ತಿಳಿಸುವ ಒಂದು ಗುರುತಿರುತ್ತದೆ. ಇನ್ನೊಂದು, ಸರ್ಚ್ ಎಂಜಿನ್ ತಾನಾಗಿ ಆರಿಸಿಕೊಟ್ಟಿದ್ದು. ಇದನ್ನು ಆ ವೃತ್ತಿಯವರು 'ಆರ್ಗ್ಯಾನಿಕ್' ಎನ್ನುತ್ತಾರೆ. (ಇದನ್ನು 'ಸಾವಯವ' ಎಂದು ಕನ್ನಡಿಸಿದವರನ್ನೂ ಕಂಡಿದ್ದೇನೆ. ಬೆಲ್ಲದ ಅಂಗಡಿ ನೆನಪಾಗುತ್ತದೆ.) ಕಾಸಿಲ್ಲದೆ ಮೇಲೆ ಬರಬೇಕಾದರೆ ಜನ ಬಳಸುವ ಮಾತಿನಲ್ಲೇ, ಜನ ಕೇಳುವ ಪ್ರಶ್ನೆಗೇ ಬರೆದಿರಬೇಕು. ಆದರೆ ಸರಿಯಾದ ಮಾತು ಯಾವುದು ಎಂದು ಬರೆದು ಬರೆದು ಕಂಡುಕೊಳ್ಳುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಜಾಹೀರಾತಾದರೆ ನಾಲ್ಕೇ ದಿನದಲ್ಲಿ ಉತ್ತರ ಹೇಳುತ್ತದೆ. ಹತ್ತಿಪ್ಪತ್ತು ಪದಗಳನ್ನು ಕೊಂಡು, ಅವುಗಳನ್ನು ಸಡಿಲವಾಗಿ ಬಿಟ್ಟರೆ, ಅಕ್ಕಪಕ್ಕದ ಹುಡುಕಾಟಗಳಿಗೂ ನಮ್ಮ ಜಾಹೀರಾತು ಹೋಗಿ ನಿಲ್ಲುತ್ತದೆ. ಆಮೇಲೆ ಒಂದು ವರದಿ ಸಿಗುತ್ತದೆ. ನಾವು ಕೊಂಡ ಪದ ಒಂದು ಕಡೆ, ಅದಕ್ಕೆ ಪ್ರತಿಯಾಗಿ ಜನ ನಿಜವಾಗಿ ಟೈಪ್ ಮಾಡಿದ ಮಾತು ಇನ್ನೊಂದು ಕಡೆ. ಮೊದಲನೆಯದು ನಮ್ಮ ಊಹೆ. ಎರಡನೆಯದು ಅವರ ಭಾಷೆ.

ಹತ್ತು ದಿನದ ನಂತರ ಆ ವರದಿಯನ್ನು ಲ್ಯಾಪ್‌ಟಾಪಿನಲ್ಲಿ ಮೂವರೂ ತಲೆ ತಾಗಿಸಿ ಓದಿದೆವು. 'ವಿಕಾಸ' ಇರಲಿಲ್ಲ, 'ಮರುಚಿಂತನೆ'ಯಂತೂ ಇರಲೇ ಇಲ್ಲ. 'ಪ್ರಸ್ತಾರ ಹಾಕುವುದು ಹೇಗೆ' ಇತ್ತು. 'ಲಘು ಗುರು ಗುರುತಿಸುವುದು', 'ಭಾಮಿನಿ ಷಟ್ಪದಿ ಲಕ್ಷಣ', 'ಭಾಮಿನಿ ಷಟ್ಪದಿ ಉದಾಹರಣೆ' ಇದ್ದವು. ಅರ್ಧಕ್ಕರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಷಟ್ಪದಿಯೊಂದಕ್ಕೇ ಐದು ಬಗೆಯ ಕಾಗುಣಿತ. ಪರೀಕ್ಷೆ ಹತ್ತಿರ ಬಂದ ಹೈಸ್ಕೂಲಿನ ಮಕ್ಕಳು ರಾತ್ರಿ ಮೊಬೈಲ್ ಹಿಡಿದು ಕೂತಿದ್ದು ಆ ಸಾಲುಗಳ ಹಿಂದೆ ಕಾಣುತ್ತಿತ್ತು.

ನಡುವೆ ಇನ್ನೊಂದು ಗುಂಪು. ನಾವು 'ಕಂದ' ಎಂಬ ಪದವನ್ನು ಕೊಂಡಿದ್ದೆವು, ಕಂದಪದ್ಯದ ಕಂದ. ಅದಕ್ಕೆ ಬಂದವರು ಜೋಗುಳ ಹುಡುಕುತ್ತಿದ್ದರು. ಗಂಡು ಮಗುವಿಗೆ ಹೆಸರು ಹುಡುಕುತ್ತಿದ್ದರು. ಮಗು ರಾತ್ರಿಯೆಲ್ಲ ಮಲಗುವುದಿಲ್ಲ, ಏನು ಮಾಡಬೇಕು ಎಂದು ಕೇಳುತ್ತಿದ್ದರು. ಅವರಲ್ಲಿ ಕೆಲವರು ನಮ್ಮ ಜಾಹೀರಾತನ್ನು ಒತ್ತಿ, ಗಣವಿಭಾಗದ ಪುಟಕ್ಕೆ ಬಂದು, ಹಾಗೇ ಹೊರಟುಹೋಗಿದ್ದರು. ಪ್ರತಿ ಒತ್ತಿಗೂ ನಮ್ಮ ಕಾಸು ಹೋಗಿತ್ತು. ಗೆಳೆಯ ಮರುದಿನವೇ 'ಜೋಗುಳ', 'ಮಗು', 'ಹೆಸರು' ಇವನ್ನೆಲ್ಲ ಬೇಡದ ಪದಗಳ ಪಟ್ಟಿಗೆ ಸೇರಿಸಿದ. ಆ ಪದಗಳಿದ್ದ ಕಡೆ ಜಾಹೀರಾತು ತಲೆಹಾಕುವುದಿಲ್ಲ. ನನಗೆ ಮಾತ್ರ ಆ ಸಾಲುಗಳು ಮನಸ್ಸಿನಿಂದ ಹೋಗಲಿಲ್ಲ. ಶಾಸನ, ಕಡತ, ಹಸ್ತಪ್ರತಿ ಎಂದು ಓಡಾಡುವ ನಮಗೆ ಸಾಮಾನ್ಯ ಜನರ ಪ್ರಶ್ನೆಗಳು ಸಿಗುವುದೇ ಅಪರೂಪ. ದಾಖಲೆಗಳಲ್ಲಿ ಉಳಿಯುವುದು ಉತ್ತರ ಕೊಟ್ಟವರ ದನಿ. ಇಲ್ಲಿ ಬರೀ ಪ್ರಶ್ನೆಗಳದೇ ಒಂದು ಕಡತ, ಅದೂ ಎರಡು ಸಾವಿರ ರೂಪಾಯಿಗೆ! ಕಾಸು ಕೊಟ್ಟು ಜನರ ಮಾತು ಕೇಳಿಸಿಕೊಳ್ಳುವ ಈ ಉಪಾಯ ಯಾರಿಗೆ ಮೊದಲು ಹೊಳೆಯಿತು ಎಂದು ಹುಡುಕತೊಡಗಿದ್ದು ಹಾಗೆ. ಮಾಡಬೇಕಾದ ಪ್ರಬಂಧದ ಕೆಲಸ ಬಿಟ್ಟು ಎಂದು ಬೇರೆ ಹೇಳಬೇಕಾಗಿಲ್ಲ.

ಇಂಟರ್ನೆಟ್‌ಗಿಂತ ಬಹಳ ಹಿಂದೆಯೇ, ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಗಿರಾರ್ಡ್ ಎಂಬ ಸಣ್ಣ ಊರಿನಲ್ಲಿ ಇದರ ಒಂದು ಬೇರು ಸಿಗುತ್ತದೆ. 1919ರಲ್ಲಿ ಇಮ್ಯಾನ್ಯುಯಲ್ ಹಾಲ್ಡಮನ್-ಜೂಲಿಯಸ್ ಎಂಬ ಸಮಾಜವಾದಿ ಪ್ರಕಾಶಕ ಅಲ್ಲಿಂದ ಅಂಗಿಯ ಜೇಬಿಗೆ ಹಿಡಿಸುವಂಥ ಪುಸ್ತಕಗಳನ್ನು ಹೊರತರಲು ಶುರುಮಾಡಿದ. ಮುಂದೆ ಅವು 'ಲಿಟಲ್ ಬ್ಲೂ ಬುಕ್ಸ್' ಎಂದು ಹೆಸರಾದವು. ಒಂದಕ್ಕೆ ಐದು ಸೆಂಟ್. ಷೇಕ್ಸ್‌ಪಿಯರ್, ವಾಲ್ಟೇರ್, ಷೋಪೆನ್‌ಹಾವರ್, ಜೊತೆಗೆ ಮನೆಯಲ್ಲೇ ಮಿಠಾಯಿ ಮಾಡುವುದು, ಇಂಗ್ಲಿಷ್ ಸುಧಾರಿಸಿಕೊಳ್ಳುವುದು ಇತ್ಯಾದಿ. ಅಂಗಡಿಗಿಂತ ಹೆಚ್ಚಾಗಿ ಅಂಚೆಯಲ್ಲಿ ಮಾರಾಟ. ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಅದರ ತುಂಬ ಬರೀ ಶೀರ್ಷಿಕೆಗಳನ್ನು ಇರುವೆ ಸಾಲಿನಂತೆ ಅಚ್ಚುಮಾಡುತ್ತಿದ್ದ. ಓದುಗರು ಬೇಕಾದ ಪುಸ್ತಕದ ಸಂಖ್ಯೆ ಬರೆದು ಹಣ ಕಳಿಸಬೇಕು. ಎಲ್ಲ ಪುಸ್ತಕಕ್ಕೂ ಒಂದೇ ಬೆಲೆ, ಒಂದೇ ಗಾತ್ರ, ಚಿತ್ರವಿಲ್ಲದ ಒಂದೇ ಬಗೆಯ ಮುಖಪುಟ. ಹಾಗಾಗಿ ಒಂದು ಪುಸ್ತಕ ಹೆಚ್ಚು ಹೋಗಿ ಇನ್ನೊಂದು ಕಡಿಮೆ ಹೋದರೆ ಅದಕ್ಕೆ ಶೀರ್ಷಿಕೆಯೊಂದೇ ಕಾರಣ. ಪ್ರಯೋಗಶಾಲೆಯಲ್ಲೂ ಇಷ್ಟು ಅಚ್ಚುಕಟ್ಟು ಸಿಗುವುದು ಕಷ್ಟ.

ವರ್ಷಕ್ಕೆ ಹತ್ತು ಸಾವಿರ ಪ್ರತಿ ಹೋಗದ ಪುಸ್ತಕವನ್ನು ಅವನು 'ಆಸ್ಪತ್ರೆ'ಗೆ ಸೇರಿಸುತ್ತಿದ್ದ. ಅಲ್ಲಿ ನಡೆಯುತ್ತಿದ್ದ ಮುಖ್ಯ ಶಸ್ತ್ರಚಿಕಿತ್ಸೆ ಎಂದರೆ ಹೆಸರು ಬದಲಾವಣೆ. ಫ್ರೆಂಚ್ ಲೇಖಕ ಗೋತಿಯೆಯ ಕತೆಯೊಂದು 'ಚಿನ್ನದ ಉಣ್ಣೆ' ಎಂಬರ್ಥದ ಹೆಸರಿನಲ್ಲಿ 1925ರಲ್ಲಿ ಹೋಗಿದ್ದು 6 ಸಾವಿರ. ಮರುವರ್ಷ ಅದಕ್ಕೇ 'ಹೊಂಗೂದಲ ಪ್ರೇಯಸಿಯ ಹುಡುಕಾಟ' ಎಂಬರ್ಥದ ಹೆಸರಿಟ್ಟ. 50 ಸಾವಿರ ಹೋಯಿತು. ಷೋಪೆನ್‌ಹಾವರನ ವಾದಕಲೆಯ ಬಗೆಗಿನ ಬರಹವನ್ನು ಹೆಚ್ಚು ಕಡಿಮೆ ಯಾರೂ ಕೇಳಿರಲಿಲ್ಲ. 'ತರ್ಕಬದ್ಧವಾಗಿ ವಾದಿಸುವುದು ಹೇಗೆ' ಎಂದಾದ ಮೇಲೆ ಸುಮಾರು 30 ಸಾವಿರ ಜನ ಕೊಂಡರು. ಒಳಗಿನ ಒಂದು ವಾಕ್ಯವೂ ಬದಲಾಗಿರಲಿಲ್ಲ. ಈ ಲೆಕ್ಕಗಳನ್ನೆಲ್ಲ 1928ರ 'ದ ಫಸ್ಟ್ ಹಂಡ್ರೆಡ್ ಮಿಲಿಯನ್' ಎಂಬ ತನ್ನ ಪುಸ್ತಕದಲ್ಲಿ ಅವನು ಮುಚ್ಚುಮರೆಯಿಲ್ಲದೆ ಬರೆದಿಟ್ಟ. ಇವನನ್ನು ಬರೀ ವ್ಯಾಪಾರಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ 30 ಸಾವಿರ ಜನ ಮನೆಗೆ ಒಯ್ದಿದ್ದು ಷೋಪೆನ್‌ಹಾವರನನ್ನೇ ಅಲ್ಲವೇ? 'ಹೇಗೆ' ಎಂಬ ಒಂದು ಪದ ಒಬ್ಬ ಜರ್ಮನ್ ತತ್ತ್ವಜ್ಞಾನಿಯನ್ನು ಕ್ಯಾನ್ಸಾಸ್‌ನ ರೈತನ ಜೇಬಿಗೆ ದಾಟಿಸಿತು. ನಮ್ಮ ವರದಿಯ 'ಪ್ರಸ್ತಾರ ಹಾಕುವುದು ಹೇಗೆ' ನೆನಪಾಗಿ ನಾನೊಬ್ಬನೇ ಲೈಬ್ರರಿಯಲ್ಲಿ ನಕ್ಕಿದ್ದೆ.

ಪದಗಳಿಗೇ ನೇರವಾಗಿ ಬೆಲೆ ಕಟ್ಟಿದ್ದು ಎಪ್ಪತ್ತು ವರ್ಷಗಳ ಮೇಲೆ. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬ ಉದ್ಯಮಿ 'ಗೋಟು ಡಾಟ್ ಕಾಮ್' ಎಂಬ ಸರ್ಚ್ ಎಂಜಿನ್ ಶುರುಮಾಡಿದ. ಅದರಲ್ಲಿ ಹುಡುಕು ಪದಗಳು ಹರಾಜಿಗಿದ್ದವು. ಕೂಗು ಒಂದು ಸೆಂಟಿನಿಂದ ಆರಂಭ. ಹೆಚ್ಚು ಕೂಗಿದವರ ತಾಣ ಮೊದಲು, ಕಡಿಮೆ ಕೂಗಿದವರದು ಆಮೇಲೆ. ಯಾರಾದರೂ ಒತ್ತಿದರೆ ಮಾತ್ರ ಹಣ. ಅದಕ್ಕಿಂತ ವಿಚಿತ್ರವೆಂದರೆ ಪ್ರತಿ ಫಲಿತಾಂಶದ ಪಕ್ಕದಲ್ಲೇ ಜಾಹೀರಾತುದಾರ ಎಷ್ಟು ಕೊಡುತ್ತಿದ್ದಾನೆ ಎಂದು ಓದುಗನಿಗೂ ಕಾಣುತ್ತಿತ್ತು. ಹುಡುಕಾಟವನ್ನು ಹಣಕ್ಕೆ ಮಾರುವುದೇ ಎಂದು ಬಹಳ ಜನ ಮೂಗು ಮುರಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್, ತಮ್ಮ ಗೂಗಲ್ ಕುರಿತ ಪ್ರಬಂಧದ ಅನುಬಂಧದಲ್ಲಿ, ಜಾಹೀರಾತಿನಿಂದ ಬದುಕುವ ಸರ್ಚ್ ಎಂಜಿನ್‌ಗಳು ಓದುಗರಿಗಿಂತ ಜಾಹೀರಾತುದಾರರ ಕಡೆಗೇ ವಾಲುತ್ತವೆ ಎಂಬ ಆತಂಕವನ್ನು ಬರೆದಿದ್ದರು. ಎರಡೇ ವರ್ಷ. 2000ದ ಅಕ್ಟೋಬರಿನಲ್ಲಿ ಗೂಗಲ್‌ನ 'ಆ್ಯಡ್‌ವರ್ಡ್ಸ್' 350 ಜಾಹೀರಾತುದಾರರೊಂದಿಗೆ ಶುರುವಾಯಿತು. 2002ರಲ್ಲಿ ಅದೂ ಒತ್ತಿಗೆ ಹಣದ ಹರಾಜಿಗೆ ಬದಲಾಯಿತು. ಗೋಟು ಅಷ್ಟರಲ್ಲಿ 'ಓವರ್ಚರ್' ಆಗಿತ್ತು. ತನ್ನ ಪೇಟೆಂಟನ್ನು ಉಲ್ಲಂಘಿಸಲಾಗಿದೆ ಎಂದು ಗೂಗಲ್ ಮೇಲೆ ದಾವೆ ಹೂಡಿತು. 2003ರಲ್ಲಿ ಓವರ್ಚರನ್ನು ಯಾಹೂ ಕೊಂಡಿತು. ಮರುವರ್ಷ ಗೂಗಲ್ ತನ್ನ 27 ಲಕ್ಷ ಷೇರುಗಳನ್ನು ಯಾಹೂಗೆ ಕೊಟ್ಟು ರಾಜಿಯಾಯಿತು.

ಗೂಗಲ್ 2002ರಲ್ಲಿ ಮಾಡಿದ ಒಂದು ಬದಲಾವಣೆ ನಮ್ಮ ಕತೆಗೆ ಮುಖ್ಯ. ಓವರ್ಚರಿನಲ್ಲಿ ಹೆಚ್ಚು ದುಡ್ಡು ಕೂಗಿದವನೇ ಮೇಲೆ. ಗೂಗಲ್‌ನಲ್ಲಿ ಕೂಗಿದ ಬೆಲೆಯ ಜೊತೆಗೆ, ನೋಡಿದವರಲ್ಲಿ ಎಷ್ಟು ಜನ ಒತ್ತಿದರು ಎಂಬುದೂ ಲೆಕ್ಕಕ್ಕೆ ಬಂತು. ಜನರಿಗೆ ಹೌದೆನಿಸಿದ ಮಾತನ್ನು ಬರೆದವನು ಕಡಿಮೆ ಕೊಟ್ಟೂ ಮೇಲೆ ನಿಲ್ಲಬಹುದು. ಅಂದರೆ ಪ್ರತಿಯೊಂದು ಜಾಹೀರಾತೂ ಒಂದು ಸಣ್ಣ ಮತಗಟ್ಟೆಯಾಯಿತು. ಯಾವ ಪದಕ್ಕೆ ಯಾವ ಮಾತು ಒಪ್ಪುತ್ತದೆ ಎಂಬ ಎಣಿಕೆ ಅಲ್ಲಿ ತಾನಾಗಿ ನಡೆಯುತ್ತಿತ್ತು. ಸರಕು ಮಾರಲು ಬಂದವರಲ್ಲಿ ಬುದ್ಧಿವಂತರು ಬೇಗನೆ ಗಮನಿಸಿದರು, ಮಾರಾಟಕ್ಕಿಂತ ಈ ಎಣಿಕೆಯೇ ಹೆಚ್ಚು ಬೆಲೆಯದು ಎಂದು. ಮೊದಲು ಜಾಹೀರಾತಿನಲ್ಲಿ ಪದಗಳನ್ನು ಪರೀಕ್ಷಿಸುವುದು. ಯಾವುದಕ್ಕೆ ಜನ ಬಂದು, ಬಂದವರು ಓಡಿಹೋಗದೆ ನಿಂತು, ಕೊಳ್ಳುವುದೋ ಓದುವುದೋ ಮಾಡಿದರು ಎಂದು ನೋಡುವುದು. ಆಮೇಲೆ ಆ ಪದಗಳ ಮೇಲೆ ಮಾತ್ರ ಶ್ರಮಪಟ್ಟು ಪುಟ ಬರೆಯುವುದು. ಆ ಪುಟ ಕಾಸಿಲ್ಲದೆ ಮೇಲೆ ಬಂದ ಮೇಲೆ ಜಾಹೀರಾತು ನಿಲ್ಲಿಸುವುದು. ಸಕಲೇಶಪುರದ ನನ್ನ ಗೆಳೆಯ ನಮಗೆ ಮಾಡಿಕೊಟ್ಟಿದ್ದು ಇದನ್ನೇ.

ಗಿರಾರ್ಡ್‌ನ ಪ್ರಕಾಶಕನಿಗೆ ಒಬ್ಬ ನೇರ ವಾರಸುದಾರನೂ ಸಿಕ್ಕ. 2007ರಲ್ಲಿ ಬಂದ 'ದ ಫೋರ್ ಅವರ್ ವರ್ಕ್‌ವೀಕ್' ಎಂಬ ಪುಸ್ತಕದ ಲೇಖಕ ಟಿಮ್ ಫೆರಿಸ್, ಅಚ್ಚಿಗೆ ಹೋಗುವ ಮೊದಲು ಐದಾರು ಶೀರ್ಷಿಕೆಗಳನ್ನು ಗೂಗಲ್ ಜಾಹೀರಾತುಗಳಾಗಿ ಹಾಕಿದ. ಒತ್ತಿದವರಿಗೆ ಒಳಗೆ ಏನೂ ಇರಲಿಲ್ಲ, ಬರೀ ಖಾಲಿ ಪುಟ. ಒಂದು ವಾರದಲ್ಲಿ, ಇನ್ನೂರು ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ, ಯಾವ ಹೆಸರಿಗೆ ಜನ ಕೈಚಾಚುತ್ತಾರೆ ಎಂದು ತಿಳಿಯಿತು. ಹಾಲ್ಡಮನ್-ಜೂಲಿಯಸ್ ಅಚ್ಚಾದ ಪುಸ್ತಕಕ್ಕೆ ಚಿಕಿತ್ಸೆ ಮಾಡಿದರೆ, ಇವನು ಹುಟ್ಟುವ ಮುಂಚೆಯೇ ನಾಮಕರಣದ ಮತದಾನ ನಡೆಸಿದ.

ನನಗೆ ಇವರಿಬ್ಬರಿಗಿಂತ ಹೆಚ್ಚು ಹಿಡಿಸಿದವರು ಟೊರಾಂಟೊದ ಸಂಶೋಧಕ ಗುಂಥರ್ ಐಸೆನ್‌ಬಾಖ್. ಮಾರುವುದಕ್ಕೆ ಅವರ ಬಳಿ ಏನೂ ಇರಲಿಲ್ಲ. ಜ್ವರ ಬಂದ ಜನ ವೈದ್ಯರ ಬಳಿ ಹೋಗುವುದಕ್ಕೂ ಮುಂಚೆ ಇಂಟರ್ನೆಟ್‌ನಲ್ಲಿ ಹುಡುಕುತ್ತಾರೆ, ಆ ಹುಡುಕಾಟಗಳನ್ನು ಎಣಿಸಿದರೆ ಫ್ಲೂ ಎಲ್ಲಿ ಹಬ್ಬುತ್ತಿದೆ ಎಂದು ಮುಂಚಿತವಾಗಿ ತಿಳಿಯಬಹುದು ಎಂಬುದು ಅವರ ಊಹೆ. ಆದರೆ ಆ ಎಣಿಕೆ ಸರ್ಚ್ ಕಂಪನಿಗಳ ಒಳಗೇ ಇತ್ತು. ಹೊರಗಿನ ಸಂಶೋಧಕರಿಗೆ ಸಿಗುತ್ತಿರಲಿಲ್ಲ. ಐಸೆನ್‌ಬಾಖ್ 2004-05ರ ಚಳಿಗಾಲದಲ್ಲಿ ಗೂಗಲ್‌ನ ಸಾಮಾನ್ಯ ಗಿರಾಕಿಯ ಹಾಗೆ ಹೋಗಿ ಕೆನಡಾದಲ್ಲಿ 'ಫ್ಲೂ', 'ಫ್ಲೂ ಲಕ್ಷಣಗಳು' ಎಂಬ ಪದಗಳಿಗೆ ಜಾಹೀರಾತು ಕೊಂಡರು. ಒತ್ತಿದವರಿಗೆ ಫ್ಲೂ ಬಗ್ಗೆ ಒಂದು ತಿಳಿವಳಿಕೆಯ ಪುಟ ಸಿಗುತ್ತಿತ್ತು. ಜಾಹೀರಾತು ಸುಮಾರು 54 ಸಾವಿರ ಬಾರಿ ಕಾಣಿಸಿಕೊಂಡಿತು, ಸುಮಾರು ನಾಲ್ಕೂವರೆ ಸಾವಿರ ಬಾರಿ ಒತ್ತಲ್ಪಟ್ಟಿತು. ಒಟ್ಟು ಖರ್ಚು ಸುಮಾರು 365 ಕೆನಡಾ ಡಾಲರ್. ವಾರವಾರದ ಈ ಒತ್ತುಗಳ ಏರಿಳಿತವನ್ನು ಸರ್ಕಾರಿ ಫ್ಲೂ ಅಂಕಿಅಂಶಗಳ ಪಕ್ಕ ಇಟ್ಟು ನೋಡಿದರೆ ಎರಡೂ ಜೊತೆಜೊತೆಗೇ ನಡೆಯುತ್ತಿದ್ದವು. 2006ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎರಡು ವರ್ಷದ ನಂತರ ಗೂಗಲ್ ತನ್ನದೇ ಭಂಡಾರದಿಂದ 'ಫ್ಲೂ ಟ್ರೆಂಡ್ಸ್' ಶುರುಮಾಡಿತು. 2012-13ರ ಋತುವಿನಲ್ಲಿ ಅದು ವಾಸ್ತವಕ್ಕಿಂತ ದುಪ್ಪಟ್ಟಿನಷ್ಟು ಫ್ಲೂ ತೋರಿಸಿ ಮುಖಭಂಗ ಅನುಭವಿಸಿ, 2015ರಲ್ಲಿ ನಿಂತುಹೋಯಿತು. ಜನ ಹುಡುಕುವುದು ರೋಗ ಬಂದಾಗ ಮಾತ್ರವಲ್ಲ. ಸುದ್ದಿ ನೋಡಿ ಭಯವಾದಾಗಲೂ.

ಬಾಗಿಲಿಗೆ ಬೀಗವಿರುವ ಪತ್ರಾಗಾರದ ಮುಂದೆ ಗಿರಾಕಿಯ ವೇಷದಲ್ಲಿ ನಿಂತ ಆ ಸಂಶೋಧಕನ ಚಿತ್ರ ನನ್ನನ್ನು ಬಿಡಲೇ ಇಲ್ಲ. ಯಾಕೆಂದರೆ ಬೀಗ ಮುಂದೆ ಇನ್ನಷ್ಟು ಬಿಗಿಯಾಯಿತು.

2011ರವರೆಗೆ ಪರಿಸ್ಥಿತಿ ಬೇರೆಯಿತ್ತು. ಯಾರೇ ಆಗಲಿ ಒಂದು ತಾಣ ನಡೆಸುತ್ತಿದ್ದರೆ, ಗೂಗಲ್‌ನಿಂದ ಬಂದ ಓದುಗ ಯಾವ ಪದ ಹುಡುಕಿ ಬಂದ ಎಂಬುದು ಆ ತಾಣದ ದಾಖಲೆಯಲ್ಲಿ ತಾನಾಗಿ ಬೀಳುತ್ತಿತ್ತು. ಕಾಸು ಕೊಡಬೇಕಿರಲಿಲ್ಲ. ಊರಿನ ಬಸ್ ವೇಳಾಪಟ್ಟಿ ಹಾಕಿದವನಿಗೂ, ಅಜ್ಜಿಯ ಉಪ್ಪಿನಕಾಯಿ ಬಗ್ಗೆ ಬರೆದವಳಿಗೂ ತಮ್ಮ ಓದುಗರ ಮಾತು ಕೇಳುತ್ತಿತ್ತು. ಜೊತೆಗೆ ಓವರ್ಚರಿನ ಒಂದು ಉಪಕರಣ ಕೆಲವು ವರ್ಷ ಎಲ್ಲರಿಗೂ ತೆರೆದಿತ್ತು. ಪದವೊಂದನ್ನು ಕೊಟ್ಟರೆ ಹಿಂದಿನ ತಿಂಗಳು ಅದನ್ನು ಎಷ್ಟು ಬಾರಿ ಹುಡುಕಿದ್ದಾರೆಂದು ಹೇಳುತ್ತಿತ್ತು. 2011ರ ಅಕ್ಟೋಬರಿನಲ್ಲಿ ಗೂಗಲ್, ಲಾಗಿನ್ ಆಗಿ ಹುಡುಕುವವರ ಪದಗಳನ್ನು ಗೂಢಲಿಪಿಯಲ್ಲಿ ಮುಚ್ಚತೊಡಗಿತು. ಕಾರಣ, ಬಳಕೆದಾರರ ಖಾಸಗಿತನ. 2013ರ ಹೊತ್ತಿಗೆ ಎಲ್ಲರ ಹುಡುಕಾಟವೂ ಮುಚ್ಚಿತು. ತಾಣದವರ ವರದಿಯಲ್ಲಿ ಪದವಿದ್ದ ಜಾಗದಲ್ಲಿ 'ಒದಗಿಸಿಲ್ಲ' ಎಂಬರ್ಥದ ಎರಡು ಇಂಗ್ಲಿಷ್ ಪದಗಳು ಬಂದು ಕುಳಿತವು.

ಆದರೆ ಜಾಹೀರಾತು ಒತ್ತಿ ಬಂದವನು ಏನು ಹುಡುಕಿದ್ದ ಎಂಬುದು ಜಾಹೀರಾತುದಾರನಿಗೆ ಕಾಣುತ್ತಲೇ ಇತ್ತು! ಅದೇ ಮನುಷ್ಯ, ಅದೇ ಪ್ರಶ್ನೆ. ಕಾಸಿಲ್ಲದ ಫಲಿತಾಂಶ ಒತ್ತಿದರೆ ಅದು ಅವನ ಖಾಸಗಿ ವಿಷಯ. ಜಾಹೀರಾತು ಒತ್ತಿದರೆ ಗಿರಾಕಿಗೆ ಸಲ್ಲಬೇಕಾದ ಮಾಹಿತಿ. ಖಾಸಗಿತನದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. 2006ರ ಆಗಸ್ಟಿನಲ್ಲಿ ಎಒಎಲ್ ಕಂಪನಿ ಸಂಶೋಧಕರಿಗೆ ಅನುಕೂಲವಾಗಲಿ ಎಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿ ಹುಡುಕಾಟಗಳನ್ನು ಹೆಸರು ತೆಗೆದು ಬಹಿರಂಗಪಡಿಸಿತ್ತು. ಕೆಲವೇ ದಿನಗಳಲ್ಲಿ ಪತ್ರಿಕೆಯೊಂದು ಬರೀ ಹುಡುಕಿದ ಪದಗಳ ಜಾಡು ಹಿಡಿದು ಒಬ್ಬರ ಮನೆಬಾಗಿಲಿಗೇ ಹೋಗಿ ನಿಂತಿತು. ಮನುಷ್ಯ ಯಾರಿಗೂ ಹೇಳದ್ದನ್ನು ಹುಡುಕುಪೆಟ್ಟಿಗೆಗೆ ಹೇಳಿರುತ್ತಾನೆ. ಅದನ್ನು ಮುಚ್ಚಿದ್ದು ತಪ್ಪಲ್ಲ. ಹಣ ಕೊಟ್ಟವರಿಗೆ ಒಂದು ಕಿಟಕಿ ಬಿಟ್ಟು ಮುಚ್ಚಿದ್ದರ ಬಗ್ಗೆ ನನ್ನ ತಕರಾರು. ಮೊದಲು ಚುರುಕು ವ್ಯಾಪಾರಿಗಳ ಉಪಾಯವಾಗಿದ್ದದ್ದು, ಅಲ್ಲಿಂದ ಮುಂದೆ ಸಣ್ಣಪುಟ್ಟ ತಾಣದವರಿಗೂ ಅನಿವಾರ್ಯವಾಗತೊಡಗಿತು.

ಆ ಕಿಟಕಿಯೂ ಕಿರಿದಾಗುತ್ತಾ ಬಂತು. 2016ರಲ್ಲಿ ಗೂಗಲ್‌ನ 'ಕೀವರ್ಡ್ ಪ್ಲ್ಯಾನರ್' ಕಡಿಮೆ ಖರ್ಚು ಮಾಡುವವರಿಗೆ ನಿಖರ ಸಂಖ್ಯೆ ಕೊಡುವುದನ್ನು ನಿಲ್ಲಿಸಿ, ಸಾವಿರದಿಂದ ಹತ್ತು ಸಾವಿರ ಎಂಬಂಥ ಅಡ್ಡಾದಿಡ್ಡಿ ಅಂದಾಜು ಕೊಡತೊಡಗಿತು. 2020ರ ಸೆಪ್ಟೆಂಬರಿನಿಂದ ಜಾಹೀರಾತುದಾರರ ವರದಿಯಲ್ಲೂ ಸಾಕಷ್ಟು ಜನ ಹುಡುಕಿದ ಮಾತುಗಳು ಮಾತ್ರ ಕಾಣತೊಡಗಿದವು. 'ತದ್ವತ್ ಹೊಂದಿಕೆ' ಎಂದು ಕೊಂಡ ಪದವೂ ತದ್ವತ್ತಾಗಿ ಉಳಿಯಲಿಲ್ಲ. ಯಂತ್ರಕ್ಕೆ ಅದೇ ಅರ್ಥ ಎನಿಸಿದ ಬೇರೆ ಮಾತುಗಳಿಗೂ ಅದು ಹೊಂದಿಕೊಳ್ಳತೊಡಗಿತು. ಅರ್ಥ ಒಂದೇ ಆದರೆ ಪದ ಯಾವುದಾದರೇನು ಎನ್ನುವವರು ಕಂದಪದ್ಯಕ್ಕೂ ಕಂದಮ್ಮನಿಗೂ ನಡುವೆ ಸಿಕ್ಕಿಕೊಂಡ ನಮ್ಮ ಎರಡು ಸಾವಿರ ರೂಪಾಯಿಯನ್ನು ಕೇಳಬೇಕು.

ಈ ವಿದ್ಯೆಯ ಮಿತಿಗಳೂ ಆಮೇಲೆ ಗೊತ್ತಾದವು. ಬಹಳ ಜನ ಜಾಹೀರಾತನ್ನು ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ಒತ್ತುವವರು ಬೇರೆಯದೇ ಗುಂಪಿರಬಹುದು. ಹತ್ತು ದಿನದ ಎಣಿಕೆ ಪರೀಕ್ಷೆಯ ಕಾಲದ್ದೋ ರಜೆಯ ಕಾಲದ್ದೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕೊಂಡ ಪದ ದುಡಿಯಿತೋ, ಕೊಳ್ಳದಿದ್ದರೂ ಅವರು ಬರುತ್ತಿದ್ದರೋ ಎಂಬುದು ಇನ್ನೊಂದು ಪ್ರಶ್ನೆ. 2012ರಲ್ಲಿ ಈಬೇ ತನ್ನದೇ ಹೆಸರಿನ ಮೇಲಿನ ಜಾಹೀರಾತನ್ನು ಕೆಲವು ಸರ್ಚ್ ಎಂಜಿನ್‌ಗಳಲ್ಲಿ ನಿಲ್ಲಿಸಿ ನೋಡಿತು. ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಶೇ. 99ಕ್ಕೂ ಹೆಚ್ಚು ಜನ ಕೆಳಗಿನ ಕಾಸಿಲ್ಲದ ಕೊಂಡಿಯನ್ನು ಒತ್ತಿ ಬಂದರು. ಮನೆಗೆ ಬರುತ್ತಿದ್ದ ನೆಂಟರಿಗೆ ದಾರಿಯಲ್ಲಿ ನಿಂತು ದುಡ್ಡು ಕೊಟ್ಟ ಹಾಗಾಗಿತ್ತು.

ಇವೆಲ್ಲ ವ್ಯಾಪಾರದ ನಷ್ಟ. ನನ್ನನ್ನು ಕಾಡಿದ್ದು ಬೇರೆ. 2021ರ ಜೂನ್ 3ನ್ನು ನಮ್ಮಲ್ಲಿ ಬಹಳ ಜನ ಮರೆತಿಲ್ಲ. ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡ ಎಂದು ಉತ್ತರಿಸುತ್ತಿತ್ತು. ಸಿಟ್ಟು, ಸಚಿವರ ಎಚ್ಚರಿಕೆ, ಗೂಗಲ್‌ನ ಕ್ಷಮೆ ಎಲ್ಲ ಒಂದೇ ದಿನದಲ್ಲಿ ಮುಗಿಯಿತು. ಉತ್ತರ ಬಂದಿದ್ದು ಭಾಷೆಯ ವಿಷಯಕ್ಕೂ ತನಗೂ ಸಂಬಂಧವೇ ಇಲ್ಲದ ಯಾವುದೋ ತಾಣದ ಪುಟದಿಂದ. ಸಿಟ್ಟಿನಲ್ಲಿ ನಾವೆಲ್ಲ ಉತ್ತರವನ್ನೇ ನೋಡಿದೆವು. ಪ್ರಶ್ನೆಯನ್ನು ನೋಡಲಿಲ್ಲ. ಇಂಥ ಒಂದು ಪ್ರಶ್ನೆ ಕೇಳುವವರಿದ್ದರೆ ಸಾಕು, ಅದಕ್ಕೆ ಒಂದು ಪುಟ ಹುಟ್ಟುತ್ತದೆ. ಕೇಳುವುದನ್ನೇ ಬರೆ ಎಂಬ ನಿಯಮಕ್ಕೆ ಪ್ರಶ್ನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಗೊಡವೆ ಇಲ್ಲ. ಅದೇ ನಿಯಮದ ಇನ್ನೊಂದು ಮುಖ, ಯಾರೂ ಕೇಳದ್ದಕ್ಕೆ ಪುಟ ಹುಟ್ಟುವುದಿಲ್ಲ.

ವರದಿ ಬಂದ ಮೇಲೆ ನಮ್ಮ ಮೂವರಲ್ಲಿ ಸಣ್ಣ ಜಗಳವೇ ಆಯಿತು. ಇನ್ನು ಮುಂದೆ ಪ್ರಸ್ತಾರ, ಗಣ, ಷಟ್ಪದಿ ಇಷ್ಟೇ ಬರೆಯೋಣ, ಮಕ್ಕಳಿಗಾದರೂ ಉಪಯೋಗವಾಗಲಿ ಎಂದು ಒಬ್ಬಳು. ಹಾಗಾದರೆ ಗೈಡ್ ಪುಸ್ತಕ ಮಾರುವ ಅಂಗಡಿಗೂ ನಮಗೂ ಏನು ವ್ಯತ್ಯಾಸ ಎಂದು ಇನ್ನೊಬ್ಬ. ನಾನು ಮೊದಲು ಎರಡನೆಯವನ ಕಡೆಗಿದ್ದೆ, ನನ್ನ 'ಮರುಚಿಂತನೆ'ಗೆ ಪೆಟ್ಟು ಬಿದ್ದಿತ್ತಲ್ಲ. ಆಮೇಲೆ ಆ ಲೇಖನವನ್ನು ಒಂದು ರಾತ್ರಿ ಕೂತು, ಹತ್ತನೇ ತರಗತಿಯ ಹುಡುಗಿಯೊಬ್ಬಳು ಓದುತ್ತಿದ್ದಾಳೆ ಎಂದುಕೊಂಡು ಓದಿದೆ. ಎರಡನೇ ಪ್ಯಾರಾದಲ್ಲೇ ನಾನೇ ಅವಳನ್ನು ಹೊರಗೆ ಕಳಿಸಿದ್ದೆ. ಲಘು ಎಂದರೇನು ಎಂದು ಹೇಳದೆ ಅಂಶಗಣದ ಚರ್ಚೆಗೆ ಹಾರಿದ್ದೆ. ಅವಳ ಪ್ರಶ್ನೆ ಸಣ್ಣದಿರಲಿಲ್ಲ. ಎದುರಿಗಿದ್ದ ಪದ್ಯವನ್ನು ಕೈಯಿಂದ ಮುಟ್ಟಿ ನೋಡುವುದು ಹೇಗೆ ಎಂದು ಅವಳು ಕೇಳುತ್ತಿದ್ದಳು. ಲೇಖನವನ್ನು ಒಡೆದು ನಾಲ್ಕು ಮಾಡಿದೆ. ಮೊದಲನೆಯದರ ಹೆಸರು 'ಪ್ರಸ್ತಾರ ಹಾಕುವುದು ಹೇಗೆ?' ಈಗ ನಮ್ಮ ತಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಅಲ್ಲಿಗೇ ಬರುತ್ತಾರೆ. ಜಾಹೀರಾತು ನಿಲ್ಲಿಸಿ ಬಹಳ ದಿನವಾಯಿತು.

ನಾವು ಕೊಂಡ ಪದಗಳಲ್ಲಿ 'ಪಿರಿಯಕ್ಕರ'ವೂ ಒಂದು. ನಾನೇ ಹಟ ಮಾಡಿ ಸೇರಿಸಿದ್ದೆ. ನಾಗವರ್ಮ 'ಛಂದೋಂಬುಧಿ'ಯಲ್ಲಿ ಲಕ್ಷಣ ಹೇಳಿದ, ಪಂಪ ತನ್ನ ಕಾವ್ಯದಲ್ಲಿ ಬಳಸಿದ ಅಚ್ಚ ಕನ್ನಡದ ಮಟ್ಟು. ವರದಿಯಲ್ಲಿ ಅದರ ಎದುರು ಒತ್ತುಗಳಿರಲಿಲ್ಲ, ನೋಟಗಳೂ ಇರಲಿಲ್ಲ. 'ಹುಡುಕಾಟ ಕಡಿಮೆ' ಎಂಬ ಒಂದು ಷರಾ ಬರೆದು ಗೂಗಲ್ ಆ ಪದವನ್ನು ಹರಾಜಿಗೇ ಸೇರಿಸಿರಲಿಲ್ಲ. ಕೊಳ್ಳುತ್ತೇನೆಂದರೂ ಮಾರಲಿಲ್ಲ. ಅದರ ಬಗ್ಗೆ ಈಗ ಒಂದು ಪುಟ ಬರೆದಿದ್ದೇನೆ. ಪ್ರಸ್ತಾರದ ಪುಟದ ಕೊನೆಯಲ್ಲಿ, ಉತ್ತರಗಳೆಲ್ಲ ಮುಗಿದ ಮೇಲೆ, ಅದಕ್ಕೊಂದು ಕೊಂಡಿ ಇದೆ. ಅಪರೂಪಕ್ಕೆ ಯಾರೋ ಒತ್ತುತ್ತಾರೆ. ಮೊನ್ನೆ ಒಬ್ಬರು, ರಾತ್ರಿ ಹನ್ನೊಂದರ ಮೇಲೆ, ಆ ಪುಟದಲ್ಲಿ ಒಂಬತ್ತು ನಿಮಿಷ ಇದ್ದರು.